ಗೋಣಿಚೀಲದೊಳಗಿನ ಕಾಶಿ

ವೀರಮ್ಮ ನರಗುಂದದ ಕಡೆಯಿಂದ ಕಾಶಿಗೆ ಬಂದದ್ದು ಸಾಯಲಿಕ್ಕೆ. ಆ ಕೆಲಸ ಒಂಬತ್ತು ವರ್ಷಗಳಿಂದ ಬಾಕಿ ಇತ್ತು. ತಾನಿದ್ದ ಮಠದ ಕೋಣೆಯಿಂದ ಸೋನಾರ್‌ಪುರದ ತರಕಾರಿ ಅಂಗಡಿಗಳವರೆಗೆ ಓಡಾಡಿಕೊಂಡಿದ್ದರೂ ಗಂಗೆಯನ್ನು ಒಮ್ಮೆಯೂ ದಾಟಿರಲಿಲ್ಲ. ಕಾಶಿಯಲ್ಲಿ ಸತ್ತರೆ ಮುಕ್ತಿ, ಆಚೆ ದಡದ ರಾಮನಗರದಲ್ಲಿ ಸತ್ತರೆ ಮುಂದಿನ ಜನ್ಮದಲ್ಲಿ ಕತ್ತೆ ಎಂಬುದು ಅಲ್ಲಿಯ ನಂಬಿಕೆ. ಎಪ್ಪತ್ತೊಂದರ ವಯಸ್ಸಿನಲ್ಲಿ ಅಂಥ ಅಪಾಯ ಯಾಕೆ?

೧೯೯೧ರ ಮಾರ್ಚಿನಲ್ಲಿ, ಮಠದ ಅಡುಗೆಯ ಸೋಮಲಿಂಗಯ್ಯನ ಮಗಳು ದಾಕ್ಷಾಯಣಿಯ ಹತ್ತನೆಯ ತರಗತಿಯ ಪರೀಕ್ಷಾ ಕೇಂದ್ರ ರಾಮನಗರದಲ್ಲಿ ಬಿತ್ತು. ತಾಯಿಯಿಲ್ಲದ ಹುಡುಗಿ.

“ಒಬ್ಬಾಕಿನ್ನ ಹೊಳಿ ದಾಟಸಂಗಿಲ್ರೀ ಅವ್ವಾರ. ನಾ ಹೋದ್ರ ಅಡಿಗಿ ಯಾರು ಮಾಡ್ತಾರ? ಸಾಲಿ ಸಾಕು. ಊರಾಗ ನಮ್ಮಕ್ಕನ ಮಗ ಅದಾನ, ಮದುವಿ ಮಾಡ್ತೀನಿ,” ಎಂದ ಸೋಮಲಿಂಗಯ್ಯ.

ದಾಕ್ಷಾಯಣಿ ತಲೆ ತಗ್ಗಿಸಿ ಬದನೆಕಾಯಿ ಹೆಚ್ಚುತ್ತಿದ್ದಳು. ಹದಿಮೂರಕ್ಕೆ ಮದುವೆಯಾಗಿದ್ದ ವೀರಮ್ಮನಿಗೆ ಆ ತಗ್ಗಿದ ತಲೆಯ ಪರಿಚಯವಿತ್ತು.

“ನಾ ಕರಕೊಂಡು ಹೋಗ್ತೀನಿ.”

“ನೀವಾ? ಅಲ್ಲೇ ಏನರ ಆದ್ರ?”

“ಅದಕ್ಕ ವ್ಯವಸ್ಥಾ ಮಾಡ್ಕೋತೀನಿ ತಗೋರಿ.”

ವ್ಯವಸ್ಥೆಯೆಂದರೆ, ಕಾಶಿಯ ಕೇದಾರ ಘಾಟಿನ ಮಣ್ಣು ಅರ್ಧ ಗೋಣಿಚೀಲ. ಸೈಕಲ್ ರಿಕ್ಷಾದಲ್ಲಿ ತೇಲುಸೇತುವೆ ದಾಟುವಾಗ ವೀರಮ್ಮ ಎರಡೂ ಕಾಲುಗಳನ್ನು ಚೀಲದೊಳಗಿಟ್ಟು ಕೂತಿದ್ದಳು. ಪರೀಕ್ಷಾ ಕೇಂದ್ರದ ಬೇವಿನ ಮರದಡಿ ಆ ಮಣ್ಣನ್ನು ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲ ಹರಡಿದಳು. ಕೂರಲು ಇಷ್ಟು ಬೇಡ. ಆದರೆ ಉರುಳಿಬಿದ್ದರೆ ತಲೆ ಹೊರಗೆ ಹೋಗಬಾರದಲ್ಲ!

“ಯೇ ಕ್ಯಾ ಹೈ, ಮಾತಾಜಿ?” ಕಾವಲುಗಾರ ಮಣ್ಣು ತೋರಿಸಿ ಕೇಳಿದ.

“ಬನಾರಸ್,” ಎಂದಳು ವೀರಮ್ಮ.

ಎರಡು ಪರೀಕ್ಷೆಗಳು ಹೀಗೆ ಮುಗಿದವು. ಮೂರನೆಯದು ಗಣಿತ. ಅರ್ಧ ಹೊತ್ತಿಗೆ ನೀರು ಕುಡಿಯಲು ಹೊರಬಂದ ದಾಕ್ಷಾಯಣಿ ನಲ್ಲಿಯ ಬಳಿಯೇ ಅಳುತ್ತ ನಿಂತಳು.

“ನಹೀ ಹೋಗಾ, ಅಜ್ಜಿ. ನನ್ನ ಕೈಲೆ ಆಗಂಗಿಲ್ಲ. ಅಪ್ಪ ಹೇಳಿದ್ದೇ ಖರೆ. ಮನೀಗೆ ಹೋಗೂಣು ನಡಿ.”

ವೀರಮ್ಮ ಎದ್ದು ಬಂದು ಅವಳ ರಟ್ಟೆ ಹಿಡಿದಳು. “ನಾ ಕತ್ತಿ ಆಗಾಕ ತಯಾರಾಗಿ ಇಲ್ಲಿ ಕುಂತೀನಿ. ನಿನಗ ಇನ್ನೆರಡು ಲೆಕ್ಕ ಮಾಡಾಕ ಏನು ಧಾಡಿ?”

ಹುಡುಗಿ ಅಳುತ್ತಲೇ ನಕ್ಕಳು. ವೀರಮ್ಮ ಅವಳನ್ನು ಪರೀಕ್ಷಾ ಕೋಣೆಯ ಬಾಗಿಲವರೆಗೆ ಒಯ್ದು ಒಳಗೆ ನೂಕಿದಳು. ತಿರುಗಿದಾಗ ಕಾವಲುಗಾರ ಬೇವಿನ ಮರದತ್ತ ಕೈ ತೋರಿಸುತ್ತಿದ್ದ.

“ಮಾತಾಜಿ, ಬನಾರಸ್ ಉಧರ್ ಹೈ!”

ಆಗ ಲಕ್ಷ್ಯಕ್ಕೆ ಬಂತು. ಮಣ್ಣಿನಿಂದ ಬಾಗಿಲಿಗೆ ಮೂವತ್ತು ಹೆಜ್ಜೆ, ಬರಿಗಾಲಲ್ಲಿ, ಅಪ್ಪಟ ರಾಮನಗರದಲ್ಲಿ! ವಾಪಸು ಬರುವಾಗ ಆ ಮೂವತ್ತು ಹೆಜ್ಜೆ ಹನ್ನೆರಡಾದವು.

ಫಲಿತಾಂಶ ಬಂತು. ಗಣಿತದಲ್ಲಿ ನೂರಕ್ಕೆ ಮೂವತ್ತೈದು, ಪಾಸು. ಸೋಮಲಿಂಗಯ್ಯ ಪೇಢಾ ತಂದು, ಮದುವೆಯ ಮಾತೆತ್ತಲೋ ಬೇಡವೋ ಎಂಬಂತೆ ನಿಂತ. ವೀರಮ್ಮ ಮಂಚದಡಿಯ ಮಣ್ಣಿನ ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಗೆ ಸರಿಸಿದಳು.

“ಇನ್ನ ಎರಡು ವರ್ಷ ಸಾಲಿ ಐತ್ರಿ ಅಯ್ಯನೋರ. ಅಲ್ಲೀತನಕ ಆಕಿ ಮದುವಿನೂ ಇಲ್ಲ, ನನ್ನ ಸಾವೂ ಇಲ್ಲ.”