ಟ್ರ್ಯಾಕ್ಟರ್ ಮುಂದೆ ಕೂತ್ಬಿಟ್ಟೆ

ಮಗ ಹೊಲ ಉಳ್ತಾ ಬರ್ತಿದ್ದ ಟ್ರ್ಯಾಕ್ಟರ್ ಮುಂದೆ ನಾನು ಚಕ್ಕಳಮಕ್ಕಳ ಹಾಕಿ ಕೂತ್ಬಿಟ್ಟೆ.

"ಏಳಮ್ಮ, ಜನ ನಗ್ತಾರೆ!"

"ನಗ್ಲಿ ಬಿಡೋ. ಇಲ್ಲಿ ನೆಲದ ಮೇಲೇ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟೈತೆ."

ತಾಯಿಹಕ್ಕಿ ಕಿರುಚ್ಕೊಂಡು ಹಾರೋಯ್ತು. ಭಾನುವಾರ ಭಾನುವಾರ ನಮ್ಮ ಜಂಗಮಕೋಟೆ ಕೆರೆಗೆ ಬಂದು ಊರೋರಿಗೆಲ್ಲ ಹಕ್ಕಿ ತೋರಿಸೋ ಸಂಘದ ಹುಡುಗಿಗೆ ಫೋನ್ ಮಾಡ್ದೆ. "ಸುತ್ತ ಕಡ್ಡಿ ನೆಟ್ಟು, ಅಷ್ಟು ಜಾಗ ಬಿಟ್ಟು ಉತ್ಕೊಳ್ಳಿ ಅಜ್ಜಿ. ನೀವು ದೂರ ಹೋದ್ರೆ ತಾಯಿ ಬರುತ್ತೆ" ಅಂದ್ಲು. ಹಿಪ್ಪುನೇರಳೆ ಕಡ್ಡಿ ನೆಟ್ಟೆ. ಮಗ ಗೊಣಗ್ತಾ ಬಳಸ್ಕೊಂಡು ಉತ್ತ. ಆಮೇಲೆ ಬದು ಮೇಲೆ ಕೂತು ಕಾದೆ. ಬರದೇ ಹೋದ್ರೆ ಏನ್ ಗತಿ ಅಂತ ಕಣ್ಣು ಕೀಳ್ದೆ ನೋಡ್ತಿದ್ದೆ. ಕೊನೆಗೂ ಬಂದು, ಪುಕ್ಕ ಕೊಡವಿ, ಮೊಟ್ಟೆ ಮೇಲೆ ಕೂತ್ಕಂತು. ಅಬ್ಬ, ಹೋದ ಜೀವ ಬಂತು!

ಈಗ ಮಗ ಟ್ರ್ಯಾಕ್ಟರ್ ಹತ್ತೋ ಮುಂಚೆ ತಾನೇ ನೆಲ ನೋಡ್ಕೊಂಡು ಹೊಲ ಒಂದು ಸುತ್ತು ನಡೀತಾನೆ. ನಾನು ನೋಡದೇ ಇರೋಳ ಥರ ಇರ್ತೀನಿ.