ಸಮೋವಾದಲ್ಲಿ ಇಲ್ಲದ ಶುಕ್ರವಾರ

ಶಕುನ, ಕನಸಿನ ಸೂಚನೆ, ಸತ್ತವರ ಸುಳಿವು, ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ಗೆಳತಿಯರ ಮಧ್ಯೆ ಯಾರಾದರೂ ಇಂಥ ಕಥೆ ತೆಗೆದರೆ, ನಡುವೆ ಬಾಯಿ ಹಾಕಿ ಕಾರಣ ವಿವರಿಸಿ ಸ್ವಾರಸ್ಯ ಕೆಡಿಸುವುದು ನನ್ನ ಅಭ್ಯಾಸವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈಗ ಬರೆಯುತ್ತಿರುವುದಕ್ಕೆ ನೀವು ನನ್ನನ್ನು ಕಾರಣ ಕೇಳಿದರೆ ಕೊಡಲು ನನ್ನಲ್ಲಿ ಏನೂ ಇಲ್ಲ.

ಆಗ ನಾನು ಅಮೆರಿಕದ ಪ್ಲಿಮತ್‌ನ ಒಂದು ಕಂಪನಿಯಲ್ಲಿ ಕಾರಿನ ನ್ಯಾವಿಗೇಶನ್ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಿದ್ದೆ. ಕಾರಿನ ಗಡಿಯಾರ ಎಲ್ಲಿದ್ದರೂ ಸರಿಯಾದ ಸಮಯ ತೋರಿಸಬೇಕಲ್ಲ, ಅದಕ್ಕೆ ಇಡೀ ಪ್ರಪಂಚದ ಟೈಮ್ ಝೋನ್‌ಗಳ ಒಂದು ಪಟ್ಟಿ ಇರುತ್ತದೆ. ಅದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ದೊಡ್ಡ ದೇಶಗಳು ಅಷ್ಟು ತೊಂದರೆ ಕೊಡುವುದಿಲ್ಲ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪಗಳೇ ಕೆಲಸ ಹೆಚ್ಚಿಸುತ್ತವೆ. ತಾರೀಖು ಬದಲಾಗುವ ಗೆರೆ ಅವುಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಗೆರೆಯ ಯಾವ ಕಡೆ ಇರಬೇಕೆಂದು ಆಯಾ ದೇಶವೇ ತೀರ್ಮಾನಿಸಬಹುದು.

ಸಮೋವಾ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ವ್ಯಾಪಾರಕ್ಕೆಂದು ಗೆರೆಯ ಈ ಕಡೆಗೆ, ಅಮೆರಿಕದ ಕಡೆಗೆ, ಸೇರಿಕೊಂಡಿತ್ತು. ಈಗ ಅವರ ವ್ಯವಹಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ. ಇವರಿಗೆ ಶುಕ್ರವಾರವಾದರೆ ಅವರಿಗೆ ಶನಿವಾರದ ರಜೆ. ಇವರು ಭಾನುವಾರ ಚರ್ಚಿನಲ್ಲಿದ್ದರೆ ಅವರು ಸೋಮವಾರ ಆಫೀಸಿನಲ್ಲಿ. ಹಾಗಾಗಿ 2011ರ ಕೊನೆಗೆ ಮತ್ತೆ ಆ ಕಡೆಗೆ ಹೋಗುವುದೆಂದು ನಿರ್ಧರಿಸಿದರು. ಅದಕ್ಕಾಗಿ ಒಂದು ದಿನವನ್ನೇ ಬಿಟ್ಟುಬಿಡಬೇಕಾಗಿತ್ತು.

ಇದನ್ನು ನಾನು ವೆಸ್ಟ್ ಬ್ಲೂಮ್‌ಫೀಲ್ಡ್‌ನ ಗೆಳತಿಯೊಬ್ಬಳ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅಡುಗೆ ತರುವ ದೀಪಾವಳಿ ಪಾಟ್‌ಲಕ್ ದಿನ ತಮಾಷೆಯಾಗಿ ಹೇಳಿದೆ. “ಗುರುವಾರ ರಾತ್ರಿ ಮಲಗಿದ್ರೆ ಶನಿವಾರ ಬೆಳಿಗ್ಗೆ ಏಳ್ತಾರಂತೆ. ಶುಕ್ರವಾರ ಇಲ್ವೇ ಇಲ್ಲ!” ಎಲ್ಲರೂ ನಕ್ಕರು. ಸೋಫಾದ ಮೂಲೆಯಲ್ಲಿದ್ದ ಸುಶೀಲಾ ಆಂಟಿ ಮಾತ್ರ ತಟ್ಟೆಯಿಂದ ಕೈ ತೆಗೆದರು.

“ಯಾವ ತಾರೀಖು ಹೋಗತ್ತಂತೆ?”

“ಡಿಸೆಂಬರ್ ಮೂವತ್ತು, ಆಂಟಿ.”

ಅವರು ಮತ್ತೆ ಊಟ ಮುಟ್ಟಲಿಲ್ಲ.

ಸುಶೀಲಾ ಆಂಟಿ ಮೈಸೂರಿನವರು. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಡಾಕ್ಟರ್ ಆಗಿರುವ ಮಗಳು ಅನುವಿನ ಜೊತೆ ಇದ್ದರು. ನಮ್ಮದೂ ಅದೇ ಬಡಾವಣೆ ಆದ್ದರಿಂದ ಅವತ್ತು ನಾನೇ ಅವರನ್ನು ಮನೆಗೆ ಬಿಡಬೇಕಿತ್ತು. ಕಾರಿನಲ್ಲಿ ಅವರೇ ಹೇಳಿದರು.

ಅಮೆರಿಕಕ್ಕೆ ಬರುವ ಮೊದಲು, ಎಪ್ಪತ್ತರ ದಶಕದಲ್ಲಿ, ಅವರ ಯಜಮಾನರು ಸಮೋವಾದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದರಂತೆ. ಅಲ್ಲಿ ಅವರಿಗೆ ಮೊದಲ ಮಗು ಹುಟ್ಟಿತು, ಹೆಣ್ಣುಮಗು, ಡಿಸೆಂಬರ್ ಮೂವತ್ತರಂದು. ಒಂಬತ್ತು ದಿನ ಇದ್ದು ಹೋಯಿತು. ಮಣ್ಣು ಮಾಡಲು ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ಇಬ್ಬರೂ ಕೂತಿದ್ದಾಗ, ಮನೆ ಬಾಡಿಗೆಗೆ ಕೊಟ್ಟಿದ್ದವರು ಬಂದು ಮಗುವನ್ನು ಕೈಗೆ ತೆಗೆದುಕೊಂಡರು. ಅಲ್ಲಿ ತೀರಿಕೊಂಡ ಮನೆಯವರನ್ನು ಮನೆಯ ಮುಂದೆಯೇ ಹೂಳುವ ಪದ್ಧತಿ. ತಮ್ಮ ಹಿರಿಯರ ಪಕ್ಕದಲ್ಲೇ ಈ ಕೂಸಿಗೂ ಜಾಗ ಕೊಟ್ಟು ಒಂದು ಚಿಕ್ಕ ಕಲ್ಲು ನೆಟ್ಟರು. ನಾಮಕರಣ ಆಗಿರಲಿಲ್ಲ. ಹಾಗಾಗಿ ಕಲ್ಲಿನ ಮೇಲೆ ಹುಟ್ಟಿದ ತಾರೀಖು ಮಾತ್ರ ಇತ್ತು. ಆ ಮನೆಯ ಮಗಳು ಸೀನಾ ಪ್ರತಿ ವರ್ಷ ಅದೇ ದಿನ ಅಲ್ಲಿ ಹೂವಿಟ್ಟು, ಆಂಟಿಗೆ ಫೋನ್ ಮಾಡುತ್ತಿದ್ದಳು. ಅವಳಿಗೂ ಈಗ ಮೊಮ್ಮಕ್ಕಳು.

ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಏನಾದರೂ ಸಮಾಧಾನ ಹೇಳಬೇಕೆಂದು, “ನಮ್ಮ ಪಂಚಾಂಗದಲ್ಲೂ ಕ್ಷಯ ತಿಥಿ ಅಂತ ಬರತ್ತಲ್ಲ ಆಂಟಿ, ಒಂದು ತಿಥಿ ಹಾರಿಹೋದ್ರೂ ಹಬ್ಬ ನಿಲ್ಲತ್ತಾ?” ಎಂದೆ.

“ಹಬ್ಬಕ್ಕೆ ಒಂದು ಹೆಸರಿರತ್ತೆ ಕಣೇ,” ಎಂದರು. “ಅಷ್ಟು ಎಳೇ ಮಗೂಗೆ ಶ್ರಾದ್ಧ ಇಲ್ಲ, ತಿಥಿ ಇಲ್ಲ. ಆ ತಾರೀಖು ಬಿಟ್ಟು ನನ್ನ ಮಗೂಗೆ ಇನ್ನೇನಿದೆ ಹೇಳು?”

ಆಮೇಲಿನ ವಾರಗಳಲ್ಲಿ ಆಫೀಸಿನಲ್ಲಿ ಆ ಪಟ್ಟಿ ತೆರೆದಾಗಲೆಲ್ಲ ಕಣ್ಣು ಸಮೋವಾದ ಸಾಲಿಗೇ ಹೋಗುತ್ತಿತ್ತು. ಇಪ್ಪತ್ತೊಂಬತ್ತು, ಮೂವತ್ತೊಂದು. ಅದು ಸರಿಯಾಗಿದೆ ಎಂದು ಟೆಸ್ಟ್ ಮಾಡಿ ಒಪ್ಪಿಗೆ ಕೊಟ್ಟವಳು ನಾನೇ.

ಡಿಸೆಂಬರ್ ಮೂವತ್ತು ಬಂತು. ಆಫೀಸಿಗೆ ವರ್ಷಾಂತ್ಯದ ರಜೆ. ಅನು ಆಸ್ಪತ್ರೆಗೆ ಹೋಗಿದ್ದಳು. ಆಂಟಿ ಒಬ್ಬರೇ ಇರಬಾರದೆಂದು ಹನ್ನೆರಡಕ್ಕೆಲ್ಲ ಅವರ ಮನೆಗೆ ಹೋದೆ. ಅವರು ಪ್ರತಿ ವರ್ಷದಂತೆ ಗಸಗಸೆ ಪಾಯಸ ಮಾಡಿದ್ದರು. ಪೂಜೆಯೇನಿಲ್ಲ. ಒಂದು ಸಣ್ಣ ಬಟ್ಟಲಲ್ಲಿ ಹಾಕಿ ಟೇಬಲ್ ಮೇಲಿಟ್ಟು, ಸ್ವಲ್ಪ ಹೊತ್ತು ನೋಡಿ, ಆಮೇಲೆ ತಾವೇ ತಿನ್ನುವುದು. ಅಷ್ಟೇ.

“ಅಲ್ಲಿ ಇವತ್ತು ಮೂವತ್ತೊಂದು, ಅಲ್ವಾ?”

“ಹೌದು ಆಂಟಿ.”

“ಪಾಪ, ಸೀನಾ ಏನು ಮಾಡ್ತಾಳೋ.”

ಗಂಟೆ ಎರಡು ದಾಟಿತ್ತು. ಅಡುಗೆಮನೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಆಂಟಿ ಎತ್ತಿ, “ಹಲೋ, ಸೀನಾ?” ಎಂದರು. ಅವರಿಗೆ ಕಿವಿ ಸ್ವಲ್ಪ ಮಂದ. ಸರಿಯಾಗಿ ಕೇಳಿಸುತ್ತಿಲ್ಲವೆಂದು ರಿಸೀವರನ್ನು ನನ್ನ ಕೈಗೆ ಕೊಟ್ಟರು.

ಆ ಕಡೆ ಹೆಂಗಸಿನ ದನಿ. ತೆಳುವಾದ, ನಗುವಿನ ಹತ್ತಿರದ ದನಿ. ರಾಗವಾದ ಇಂಗ್ಲಿಷ್. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು, ಮಕ್ಕಳ ಗಲಾಟೆಯಿತ್ತು. ಕಲ್ಲು ಒಂದು ಕಡೆಗೆ ವಾಲಿತ್ತು, ನೆಟ್ಟಗೆ ಮಾಡಿದ್ದೇವೆ, ಗಾಜಿನ ಲೋಟದಲ್ಲಿ ದೇವಕಣಗಿಲೆ ಹೂವಿಟ್ಟಿದ್ದೇವೆ ಎಂದಳು. ನಾನು ಸುಮ್ಮನಿರಬಾರದೇ? ಅಭ್ಯಾಸ ಬಲದಿಂದ ಕೇಳಿಯೇಬಿಟ್ಟೆ: “ಅಲ್ಲಿ ಇವತ್ತು ಯಾವ ತಾರೀಖು?”

“ಮೂವತ್ತು. ಶುಕ್ರವಾರ,” ಎಂದಳು, ಇದೆಂಥ ಪ್ರಶ್ನೆ ಎಂಬಂತೆ. “ತಾಯಿಗೆ ಹೇಳಿ, ನೀಲಾಗೆ ಎಲ್ಲರೂ ಸೇರಿ ಹಾಡಿದೆವು ಅಂತ.”

ಲೈನ್ ಕಟ್ಟಾಯಿತು.

ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ. ಆಂಟಿಯ ಮನಸ್ಸು ನೋಯದಿರಲೆಂದು ಮೂವತ್ತು ಎಂದು ಸುಳ್ಳು ಹೇಳಿದ್ದಾಳೆ. ಆಂಟಿಗೆ ಎಲ್ಲವನ್ನೂ ಜೋರಾಗಿ ಒಪ್ಪಿಸಿ, “ನೀಲಾಗೆ ಹಾಡಿದ್ರಂತೆ. ನೀಲಾ ಅಂದ್ರೆ ಯಾರು ಆಂಟಿ? ಅವರ ಮೊಮ್ಮಗಳಾ?” ಎಂದೆ.

ಆಂಟಿ ಕುರ್ಚಿಯ ಬೆನ್ನು ಹಿಡಿದುಕೊಂಡರು. “ಏನಂದೆ?”

“ನೀಲಾ.”

ಮೆಲ್ಲಗೆ ಕೂತರು. ಪಾಯಸದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. “ಹನ್ನೊಂದನೇ ದಿನ ನಾಮಕರಣ ಅಂತಿತ್ತು. ಅದಕ್ಕೆ ಮುಂಚೆ ಹೆಸರು ಹೇಳಬಾರದು ಅಂತ ನಮ್ಮತ್ತೆ ಕಾಗದ ಬರೆದಿದ್ರು. ನಾನು ಮನಸ್ಸಿನಲ್ಲೇ ಇಟ್ಕೊಂಡಿದ್ದೆ. ಆಮೇಲೆ ಹೇಳೋಕೆ ಮಗು ಇರಲಿಲ್ಲ. ಇವರಿಗೂ ಹೇಳಿಲ್ಲ ಕಣೇ. ಇವರು ಹೋಗೋ ತನಕ ಹೇಳಲಿಲ್ಲ.”

ನನ್ನ ಕೈಯಲ್ಲಿ ಇನ್ನೂ ರಿಸೀವರ್ ಇತ್ತು. ಅದನ್ನು ಈಗ ಇಟ್ಟೆ.

ಮೂರೂವರೆಯ ಹೊತ್ತಿಗೆ ಮತ್ತೆ ಫೋನ್ ಬಂತು. ಈ ಸಲ ನಾನೇ ಎತ್ತಿದೆ. ದಪ್ಪನೆಯ, ಒಡೆದ ದನಿ. “ನಾನು ಸೀನಾ,” ಎಂದಿತು. ಮೊದಲ ದನಿ ಇದಲ್ಲ ಎಂಬುದು ಆ ಒಂದು ಮಾತಿನಲ್ಲೇ ಗೊತ್ತಾಯಿತು. ಅವಳು ಕ್ಷಮೆ ಕೇಳುತ್ತಿದ್ದಳು. ನಿನ್ನೆ ಎಂಬುದೇ ನಮಗಿರಲಿಲ್ಲ, ಮಧ್ಯರಾತ್ರಿ ದಿನ ದಾಟುವಾಗ ಮನೆಯವರೆಲ್ಲ ಚರ್ಚಿಗೆ ಪ್ರಾರ್ಥನೆಗೆ ಹೋಗಿದ್ದೆವು, ಇವತ್ತು ಮೂವತ್ತೊಂದು, ಆದರೂ ಹೂವಿಡೋಣವೆಂದು ಈಗ ಅಂಗಳಕ್ಕೆ ಹೋದೆ ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ನೀವು ಯಾರನ್ನಾದರೂ ಕಳಿಸಿದ್ದಿರಾ?”

ಗುರುವಾರ ಸಂಜೆ ಕಲ್ಲು ವಾಲಿಕೊಂಡೇ ಇತ್ತಂತೆ, ನೆಟ್ಟಗೆ ಮಾಡಬೇಕೆಂದು ಅವಳೇ ನೋಡಿದ್ದಳಂತೆ. ಈಗ ನೆಟ್ಟಗೆ ನಿಂತಿದೆ. ಮುಂದೆ ಒಂದು ಗಾಜಿನ ಲೋಟ, ಅದರಲ್ಲಿ ದೇವಕಣಗಿಲೆ. ಹೂವಿನ ಅಂಚು ಕಂದಿದೆ, ಒಂದು ದಿನ ಬಿಸಿಲಲ್ಲಿ ಇದ್ದ ಹಾಗೆ.

ಇದಕ್ಕೆ ಮೊದಲು ನಿಮ್ಮ ಮನೆಯಿಂದ ಯಾರಾದರೂ ಫೋನ್ ಮಾಡಿದ್ದರೇ ಎಂದೆ. ಇಲ್ಲ ಎಂದಳು. ನಿಮ್ಮ ಮನೆಯಲ್ಲಿ ಆ ಮಗುವನ್ನು ಏನೆಂದು ಕರೆಯುತ್ತಿದ್ದಿರಿ ಎಂದೆ. “ಬೇಬಿ. ಬೇಬಿ ಅಂತಲೇ,” ಎಂದಳು. ನೀಲಾ ಎಂಬ ಹೆಸರು ಅವಳು ಕೇಳಿಯೇ ಇರಲಿಲ್ಲ.

ನಾನು ಏನೆಲ್ಲ ಯೋಚಿಸಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಫೋನಿನಲ್ಲಿ ನಂಬರ್ ಹುಡುಕಿದೆ. ಎರಡೂ ಕರೆಗಳಿಗೆ, ನಂಬರ್ ತಿಳಿಯದಾಗ ಬರುವ ‘ಔಟ್ ಆಫ್ ಏರಿಯಾ’ ಎಂದಷ್ಟೇ ಇತ್ತು. ಸೀನಾಳ ನೆರೆಯವರು ಯಾರೋ ರಾತ್ರಿಯೇ ಹೂವಿಟ್ಟಿರಬಹುದು. ಸೆಕೆಗೆ ಹೂವು ಒಂದೇ ರಾತ್ರಿಯಲ್ಲಿ ಬಾಡಿರಬಹುದು. ಆಂಟಿ ಬಾಣಂತಿ ಮಂಚದಲ್ಲಿ ಆ ಹೆಸರು ಗುನುಗಿದ್ದನ್ನು ಯಾರೋ ಕೇಳಿಸಿಕೊಂಡು ಮನಸ್ಸಿನಲ್ಲಿ ಇಟ್ಟುಕೊಂಡಿರಬಹುದು. ಒಂದೊಂದಕ್ಕೂ ಒಂದೊಂದು ಉತ್ತರ ಸಿಗುತ್ತದೆ. ಎಲ್ಲವನ್ನೂ ಸೇರಿಸಿ ಒಂದೇ ಉತ್ತರ ಮಾಡಹೊರಟರೆ ಕೈಗೆ ಬರುವುದಿಲ್ಲ. ನಾನೇ ತಪ್ಪು ಕೇಳಿಸಿಕೊಂಡೆನೇ? ಹಾಗಾದರೆ ನನಗೆ ಗೊತ್ತೇ ಇರದ ಹೆಸರು ನನ್ನ ಕಿವಿಗೆ ಹೇಗೆ ಬಿತ್ತು?

ಅವತ್ತು ಸಂಜೆ ಅನು ಬರುವವರೆಗೂ ನಾವಿಬ್ಬರೂ ಅಡುಗೆಮನೆಯಲ್ಲೇ ಕೂತಿದ್ದೆವು. ಹೊರಗೆ ಹಿಮ ಬೀಳುತ್ತಿತ್ತು. ಭಯವೆನಿಸಲಿಲ್ಲ. ಇದನ್ನು ಎಷ್ಟು ಹೇಳಿದರೂ ಕೇಳಿದವರು ನಂಬುವುದಿಲ್ಲ. ಆಂಟಿ ಪಾಯಸವನ್ನು ಎರಡು ಬಟ್ಟಲಿಗೆ ಹಂಚಿ ಒಂದನ್ನು ನನ್ನ ಕಡೆ ಸರಿಸಿದರು. ಅನು ಬಂದು ಶೂ ಬಿಚ್ಚುವ ಮೊದಲೇ, “ನಿನ್ನ ಅಕ್ಕನ ಹೆಸರು ನೀಲಾ,” ಎಂದರು. ಅನು ಕೋಟನ್ನೂ ತೆಗೆಯದೆ ಬಂದು ಅಮ್ಮನನ್ನು ತಬ್ಬಿಕೊಂಡಳು.

ಕೆಲವು ವರ್ಷಗಳ ನಂತರ ಅನು ಕೆಲಸ ಬದಲಾಯಿಸಿ ಶಿಕಾಗೋ ಕಡೆಗೆ ಹೋದಳು, ಆಂಟಿಯೂ ಹೋದರು. ಹೊರಡುವ ಹಿಂದಿನ ದಿನ ಪುಸ್ತಕಗಳನ್ನು ಡಬ್ಬಕ್ಕೆ ತುಂಬಲು ಹೋಗಿದ್ದಾಗ, ಅಷ್ಟು ದಿನ ತಡೆದಿದ್ದನ್ನು ಕೇಳಿದೆ. “ಆಂಟಿ, ಅವತ್ತು ಮೊದಲು ಫೋನ್ ಮಾಡಿದ್ದು ಯಾರು ಅನ್ಸತ್ತೆ ನಿಮಗೆ?”

ಅವರು ಟೇಪ್ ಹರಿಯುತ್ತಿದ್ದವರು ತಲೆಯೆತ್ತಿ, ಇಷ್ಟು ವರ್ಷ ಇವಳು ಇದನ್ನೇ ಯೋಚಿಸುತ್ತಿದ್ದಳೇ ಎಂಬಂತೆ ನನ್ನನ್ನು ನೋಡಿದರು.

“ಯಾರಾದ್ರೇನು ಕಣೇ,” ಎಂದರು. “ನನ್ನ ಮಗೂನ ಒಬ್ರು ಹೆಸರು ಹಿಡಿದು ಕರೆದ್ರಲ್ಲ.”

ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಇವತ್ತಿಗೂ ಸಾಕಾಗಿಲ್ಲ. ಆದರೆ ಈಗ ಯಾರಾದರೂ ಇಂಥ ಕಥೆ ಶುರು ಮಾಡಿದರೆ, ನಾನು ನಡುವೆ ಬಾಯಿ ಹಾಕುವುದಿಲ್ಲ.