ಬೈಯುವಷ್ಟು ದೂರದಲ್ಲಿ

ಸಾನ್ವಿ, ಪ್ರಥಮ್, ಮುದ್ದು ಮೊಮ್ಮಕ್ಕಳೇ, ಬೈಸಿಕೊಳ್ಳುವುದಕ್ಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತವರೊಬ್ಬರನ್ನು ನಾನು ಕಂಡಿದ್ದೇನೆ. ನೀವೂ ಅವರನ್ನು ನೋಡಿದ್ದೀರಿ. ಬಾಂದ್ರಾದಿಂದ ನನ್ನ ಮನೆಗೆ ಬಂದಾಗಲೆಲ್ಲ ನಿಮ್ಮ ಕೈಗೆ ಶೇಂಗಾ ಉಂಡೆ ಕೊಡುತ್ತಿದ್ದ ಎದುರುಮನೆಯ ಬಿರಾದಾರ ಅಜ್ಜ. ನಿಮಗೆ ಕನ್ನಡ ಓದುವುದು ನಿಧಾನ. ಉಡುಪಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ನನಗೆ ಬರೆಯುವುದೂ ನಿಧಾನವೇ. ಅವಸರವಿಲ್ಲ.

ಬಿರಾದಾರರು ವಿಜಯಪುರ ಜಿಲ್ಲೆಯವರು. ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ, ಅಲ್ಲೇ ನಮ್ಮ ಸೊಸೈಟಿಯ ಸಿ ವಿಂಗಿನಲ್ಲಿ ಇದ್ದರು. ಅವರು ಗುಟ್ಟು ಹೇಳಿದರೂ ಮೇಲಿನ ಮಾಳಿಗೆಗೆ ಕೇಳುತ್ತಿತ್ತು. ನಾನು ಬಾಗಿಲ ಸಂದಿಯಿಂದ ಮಾತಾಡುವವಳು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅದೂ ಕಡಿಮೆಯಾಗಿತ್ತು. ಆದರೂ ಅವರು ಬಿಡುತ್ತಿರಲಿಲ್ಲ. ಪತ್ರಿಕೆ ಹಿಡಿದುಕೊಂಡು ಎರಡು ಮನೆಗಳ ನಡುವಿನ ಜಾಗದಲ್ಲಿ ನಿಂತು, ನನ್ನ ಬಾಗಿಲಿಗೆ ಮುಖ ಮಾಡಿ ಭಾಷಣ ಶುರು ಮಾಡುತ್ತಿದ್ದರು.

ಭಾಷಣದ ವಿಷಯ ಒಂದೇ. ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಕರ್ನಾಟಕದ ಒಳಗೇ ತಮ್ಮದೊಂದು ಆಡಳಿತ ಬೇಕು. ಅಲ್ಲಿಯ ಜನರೇ ಆರಿಸಿದ ಸಭೆ ಇರಬೇಕು. ಶಾಲೆ, ಆಸ್ಪತ್ರೆ, ಕೆರೆ, ರಸ್ತೆಗಳ ಅಧಿಕಾರ ಅದರ ಕೈಯಲ್ಲಿರಬೇಕು. ಉಳಿದ ದೊಡ್ಡ ವಿಷಯಗಳನ್ನು ಬೆಂಗಳೂರು ನೋಡಿಕೊಳ್ಳಲಿ.

"ಬ್ಯಾರೆ ರಾಜ್ಯ ಬೇಕಂತ ನಾ ಯಾವಾಗ ಅಂದೀನ್ರಿ ಅಕ್ಕಾರ? ಮನಿ ಒಂದ ಇರಲಿ. ಆದ್ರ ನಮ್ಮೂರ ಸಾಲಿ ಹಂಚ ಒಡದ್ರ, ಬೆಂಗಳೂರಾಗ ಕುಂತಾವ ಸಹಿ ಹಾಕೂತನಾ ಹುಡುಗ್ರು ತೊಯ್ಸಕೋಬೇಕು. ಅವನಿಗೆ ಬೈಬೇಕಂದ್ರ ರೈಲ ಹತ್ತಿ ಹೋಗಬೇಕು. ಮುಟ್ಟೂದ್ರಾಗ ಸಿಟ್ಟ ಇಳದ ಹೋಗಿರತೈತಿ. ಅಧಿಕಾರ ಅನ್ನೂದು ಬೈಯೂವಷ್ಟು ದೂರದಾಗ ಇರಬೇಕ್ರಿ."

ಒಳಗಿಂದ ಅವರ ಹೆಂಡತಿ ನೀಲಕ್ಕನ ಧ್ವನಿ ಬರುತ್ತಿತ್ತು. "ಮನ್ಯಾಗ ಚಾ ಮಾಡೂ ಅಧಿಕಾರ ಕೊಟ್ಟೀನಿ, ಅದನ್ನ ನಡಸಂಗಿಲ್ಲ. ನಾಡ ನಡಸ್ತಾರಂತ."

ಒಂದು ವರ್ಷ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದ ಸಭೆಯಲ್ಲಿ ಅವರಿಗೆ ಎರಡು ಮಾತಿಗೆ ಅವಕಾಶ ಸಿಕ್ಕಿತು. ನೀಲಕ್ಕನ ಜೊತೆ ನಾನೂ ಹೋಗಿದ್ದೆ. ಇವರು ಆಡಳಿತದ ಮಾತು ಎತ್ತಿದ ಕೂಡಲೇ ಹಿಂದಿನಿಂದ ಯಾರೋ, "ನಾಡು ಒಡೆಯುವ ಮಾತು ಇಲ್ಲಿ ಬೇಡ" ಎಂದು ಕೂಗಿದರು. ಒಡೆಯುವುದಲ್ಲ ಎಂದು ಇವರು ವಿವರಿಸಲು ಹೋದರೆ ಗದ್ದಲ ಹೆಚ್ಚಾಯಿತು. ಆಗ ನಮ್ಮ ಬಿ ವಿಂಗಿನ ಶೆಟ್ಟರು, ಹೋಟೆಲು ನಡೆಸುವವರು, ಕೂತಲ್ಲಿಂದಲೇ ಹೇಳಿದರು. "ಬಿರಾದಾರ್ರೆ, ಅಷ್ಟೆಲ್ಲ ಜಿಲ್ಲೆ ಎಂತಕ್ಕೆ ಮಾರಾಯ್ರೆ? ನಿಮ್ಮ ಸಿ ವಿಂಗಿನ ನೀರು ಒಂದು ನಡೆಸಿ ತೋರ್ಸಿ. ಮತ್ತೆ ನಾನೇ ನಿಮ್ಮ ಪರ ಕೈ ಎತ್ತುತ್ತೇನೆ."

ಸಭೆಯೆಲ್ಲ ನಕ್ಕಿತು. ಬಿರಾದಾರರು ನಗಲಿಲ್ಲ. ಮರಳುವಾಗ ಲೋಕಲ್‌ನಲ್ಲಿ ಕಿಟಕಿ ಕಡೆ ನೋಡುತ್ತ, "ಖರೇನ ಐತಿ. ಮೊದಲ ನಾವ ನಡಸಬೇಕು" ಎಂದರು. ಅಂದಿನಿಂದ ಸಿ ವಿಂಗಿನ ನೀರು ಅವರ ಪಾಲಿಗೆ ಬರೀ ನೀರಾಗಿ ಉಳಿಯಲಿಲ್ಲ. ಅದು ನಡೆದರೆ ಅವರ ಜಿಲ್ಲೆಗಳೂ ನಡೆಯುತ್ತವೆ. ಅದು ಕೆಟ್ಟರೆ ಶೆಟ್ಟರ ಮಾತೇ ಗೆಲ್ಲುತ್ತದೆ.

ನೀರಿನ ಕಥೆ ಹೀಗಿತ್ತು. ಮೂರೂ ವಿಂಗುಗಳ ಟಾಕಿಗೆ ನೀರು ಬಿಡುವ ಚಾವಿಗಳು ಎ ವಿಂಗಿನಲ್ಲಿರುತ್ತಿದ್ದವು. ಪೈಪಿನ ವಾಲ್ ತಿರುಗಿಸುವ, ಇಂಗ್ಲಿಷಿನ ಟಿ ಅಕ್ಷರದಂಥ ಕಬ್ಬಿಣದ ಸಲಾಕೆಗಳು. ಮೊದಲು ಎ, ಆಮೇಲೆ ಬಿ, ಕೊನೆಗೆ ಸಿ. ನಮ್ಮ ಸರದಿ ಬರುವಷ್ಟರಲ್ಲಿ ನೀರು ಸಣ್ಣಗಾಗಿರುತ್ತಿತ್ತು. ಪ್ರತಿ ವಿಂಗಿಗೂ ಹೊತ್ತು ನಿಗದಿಯಾಗಲಿ, ನಮ್ಮ ಹೊತ್ತಿನಲ್ಲಿ ನಮ್ಮ ವಾಲ್ ನಾವೇ ತೆರೆಯುತ್ತೇವೆ, ಕೆಟ್ಟರೆ ನಾವೇ ರಿಪೇರಿ ಮಾಡಿಸುತ್ತೇವೆ ಎಂದು ಬಿರಾದಾರರು ಸೊಸೈಟಿಯ ಸಭೆಗಳಲ್ಲಿ ವರ್ಷಗಟ್ಟಲೆ ಕೇಳಿದರು. ಕೊನೆಗೆ ಸೆಕ್ರೆಟರಿ ಸಾವಂತರು ಸೋತು ಸಿ ವಿಂಗಿನ ಚಾವಿಯನ್ನು ಮೇಜಿನ ಮೇಲಿಟ್ಟರು. "ಘ್ಯಾ ತುಮಚೀ ಚಾವೀ. ಪಣ ಉದ್ಯಾ ತಕ್ರಾರ್ ಆಣೂ ನಕಾ." ತಗೊಳ್ಳಿ, ಆದರೆ ನಾಳೆ ದೂರು ತರಬೇಡಿ ಎಂದು.

"ತಕ್ರಾರ್ ಹೀಚ್ ತರ್ ಪಾಹಿಜೇ," ದೂರೇ ತಾನೇ ನಮಗೆ ಬೇಕಿರುವುದು ಎಂದು ಹೇಳಿ ಬಿರಾದಾರರು ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಬಂದರು.

ಮೊದಮೊದಲು ಮಾಳಿಗೆಗೊಬ್ಬರಂತೆ ಸರದಿ ಇತ್ತು. ಎಲ್ಲರಿಗೂ ಉಮೇದು. ಆಮೇಲೆ ಒಬ್ಬರಿಗೆ ಬೆನ್ನುನೋವು, ಒಬ್ಬರಿಗೆ ಬೆಳಗಿನ ಪಾಳಿ, ಒಬ್ಬರು ಬಾಡಿಗೆಗೆ ಕೊಟ್ಟು ಹೋದರು. ಕೊನೆಗೆ ಬಿರಾದಾರರೊಬ್ಬರೇ ಉಳಿದರು. ಚಳಿಯಿರಲಿ, ಮಳೆಯಿರಲಿ, ಬೆಳಕು ಹರಿಯುವ ಮೊದಲು ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತಿತ್ತು.

ಒಂದು ದಿನ ಆ ಸದ್ದು ಕೇಳಲಿಲ್ಲ. ಜ್ವರದಲ್ಲಿ ಮಲಗಿಬಿಟ್ಟಿದ್ದರು, ನಮ್ಮ ಹೊತ್ತು ಮೀರಿಹೋಯಿತು. ಇಡೀ ವಿಂಗಿನಲ್ಲಿ ಹನಿ ನೀರಿಲ್ಲ. ಆಗಲೇ ಅವರು ಎದ್ದು, ಇಸ್ತ್ರಿ ಅಂಗಿ ಹಾಕಿಕೊಂಡು, ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತದ್ದು. ಒಬ್ಬೊಬ್ಬರಾಗಿ ಬಂದು ಬೈದರು. ಮರಾಠಿಯಲ್ಲಿ, ಹಿಂದಿಯಲ್ಲಿ, ಗುಜರಾತಿಯಲ್ಲಿ. ಅವರು ಎಲ್ಲರಿಗೂ ತಲೆಯಾಡಿಸಿ, "ನಂದ ತಪ್ಪು" ಎಂಬುದನ್ನು ಬೈದವರ ಭಾಷೆಯಲ್ಲೇ ಹೇಳಿದರು. ನಾನು ಖಾಲಿ ಬಕೀಟು ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದೆ.

"ಅಕ್ಕಾರ, ನೀವೊಬ್ಬರ ಉಳದೀರಿ ನೋಡ್ರಿ."

"ನಂಗೆ ಬೈಲಿಕ್ಕೆ ಬರುದಿಲ್ಲ ಬಿರಾದಾರ್ರೆ."

"ಹಂಗಂದ್ರ ಹ್ಯಾಂಗ್ರಿ? ಬೈಯಾಕ ಅಂತನ ಚಾವಿ ಇಲ್ಲಿ ತಂದಿಟ್ಟೀನಿ. ಬೈಯಾಕ ಬರಲಾರದ ಮಂದಿಗೆ ಅಧಿಕಾರ ಹತ್ರ ಇದ್ರೇನು, ದೂರ ಇದ್ರೇನು? ಕಲೀರಿ."

ನಾನು ಕಲಿಯಲಿಲ್ಲ. ಅವರು ಮಾತ್ರ ದಣಿಯುತ್ತ ಬಂದರು. ಮುಂಬಯಿ ಪಾಲಿಕೆಗೆ ಚುನಾವಣೆಯೇ ನಡೆಯದೆ ವಾರ್ಡುಗಳಿಗೆ ನಗರಸೇವಕರೇ ಇಲ್ಲದ ವರ್ಷಗಳು ಬಂದವು. ಗಟಾರ ತುಂಬಿ ರಸ್ತೆಗೆ ಬಂದಾಗ, "ಈಗ ಇಷ್ಟು ದೊಡ್ಡ ಊರಿಗೂ ಬೈಯಾಕ ಯಾರೂ ಇಲ್ಲ ನೋಡ್ರಿ" ಎಂದರು. ಹಿಂದಿನ ಹಾಗೆ ಭಾಷಣ ಮಾಡಲಿಲ್ಲ. ಮೆಟ್ಟಿಲಿನ ಕಟಾಂಜನ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದರು. ಚಾವಿ ಎ ವಿಂಗಿಗೆ ಕೊಟ್ಟುಬಿಡಬಾರದೇ, ಸಾಕಾಗಲಿಲ್ಲವೇ ಎಂದು ನಾನು ಕೇಳಿದೆ.

"ಸಾಕಾಗೇತ್ರಿ. ಆದ್ರ ಈ ದಣಿವು ನಮ್ಮದು. ಅವ್ರು ವಾಲ್ ತೆಗೀಲಿ ಅಂತ ಕಾದು ಕಾದು ದಣಿಯೂದು ಬ್ಯಾರೆ."

ಹೃದಯದ ತೊಂದರೆ ಹೆಚ್ಚಾದ ಮೇಲೆ ಮಗಳು ಬಂದು ಇಬ್ಬರನ್ನೂ ಬೊರಿವಲಿಗೆ ಕರೆದುಕೊಂಡು ಹೋದಳು. ಚಾವಿ ನಮ್ಮ ವಿಂಗಿನ ಮೆಟ್ಟಿಲ ಕೆಳಗೆ ಉಳಿಯಿತು. ವಾಚ್‌ಮನ್ ನೆನಪಾದಾಗ ತೆರೆಯುತ್ತಿದ್ದ. ಎರಡು ದಿನ ನೀರೇ ಬರಲಿಲ್ಲ. ಎಲ್ಲರೂ ಟ್ಯಾಂಕರಿನ ಮಾತಾಡಿದರು, ಯಾರೂ ಕೆಳಗಿಳಿಯಲಿಲ್ಲ.

ನಾನು ದಾದರಿನಲ್ಲಿ ಗಾಡಿ ಬದಲಿಸಿ ಬೊರಿವಲಿಗೆ ಹೋದೆ. ನೋಡಿಕೊಂಡು ಬರಲು ಹೋದವಳು. ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು, ಬಹಳ ಸಣ್ಣಗಾಗಿದ್ದರು. ನೀಲಕ್ಕ ನನ್ನ ಹೆಸರು ಹೇಳಿದಾಗ ಕಣ್ಣು ಬಿಟ್ಟು ಕೇಳಿದ್ದು ಒಂದೇ. "ನೀರ ಬಂತೇನ್ರಿ?"

ನನ್ನೊಳಗೆ ಏನಾಯಿತೋ ತಿಳಿಯದು. "ಎಲ್ಲಿ ಬರ್ತದೆ?" ಎಂದೆ. "ಚಾವಿ ಬೇಕು ಬೇಕು ಅಂತ ತಂದು ಮೆಟ್ಟಿಲ ಕೆಳಗೆ ಬಿಸಾಡಿ ಬಂದು ಇಲ್ಲಿ ಮಲಗಿದ್ದೀರಲ್ಲ, ನಿಮಗೆ ಸ್ವಲ್ಪವಾದ್ರೂ ನಾಚಿಕೆ ಉಂಟಾ? ಎರಡು ದಿನ ಆಯ್ತು ಸ್ನಾನ ಇಲ್ಲದೆ. ಆ ಶೆಟ್ರು ಗೇಟಿನಲ್ಲಿ ಸಿಕ್ಕಿ ನಗಾಡ್ತಾರೆ."

ಮಗಳು ಗಾಬರಿಯಾಗಿ ನನ್ನನ್ನೇ ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬಿರಾದಾರರು ಮಾತ್ರ ಕಣ್ಣು ಮುಚ್ಚಿ ಸಮಾಧಾನದಿಂದ ಕೇಳಿಸಿಕೊಂಡರು.

"ಚಲೋ ಬೈದ್ರಿ," ಎಂದರು. ಆ ದೊಡ್ಡ ಧ್ವನಿ ಈಗ ಮಂಚದ ಆಚೆಗೂ ಕೇಳುವಂತಿರಲಿಲ್ಲ. "ಆದ್ರ ಇಷ್ಟು ಬೈಯಾಕ ವಿಕ್ರೋಳಿಯಿಂದ ಬೊರಿವಲಿತನಾ ಬರಬೇಕಾತು. ನಾ ಭಾಳ ದೂರ ಆದ್ನಿ ಅಕ್ಕಾರ. ಹತ್ರ ಇರೋರನ್ನ ಯಾರನ್ನರ ನೋಡಕೊಳ್ರಿ."

ನಾನು ಅವರನ್ನು ಮತ್ತೆ ನೋಡಲಿಲ್ಲ.

ಮುಂದಿನ ಸೊಸೈಟಿ ಸಭೆಯಲ್ಲಿ ಮೊದಲು ಅವರಿಗೆ ಶ್ರದ್ಧಾಂಜಲಿಯೆಂದು ಎದ್ದು ನಿಂತೆವು. ಕೂತ ಕೂಡಲೇ ಚಾವಿಯ ವಿಷಯ ಬಂತು. ಸಿ ವಿಂಗಿನ ವಾಲ್ ಮತ್ತೆ ಎ ವಿಂಗೇ ನೋಡಿಕೊಳ್ಳಲಿ ಎಂದು ನಮ್ಮವರೇ ಹೇಳಿದರು. ಅವರದೇನೂ ತಪ್ಪಿಲ್ಲ, ಎಲ್ಲರೂ ದಣಿದವರು. ನಾನು ಕೊನೆಯ ಸಾಲಿನಿಂದ, "ಮೈ ದೇಖೂಂಗೀ," ನಾನು ನೋಡಿಕೊಳ್ಳುತ್ತೇನೆ ಎಂದೆ. ಮುಂದಿನ ಸಾಲಿಗೆ ಕೇಳಿಸಲಿಲ್ಲ. "ಕಾಯ್ ಮ್ಹಣಾಲ್ಯಾ ಆಜೀ?" ಏನಂದಿರಿ ಅಜ್ಜಿ ಎಂದು ಸಾವಂತರು ಕೇಳಿದಾಗ ಇನ್ನೊಮ್ಮೆ ಹೇಳಬೇಕಾಯಿತು. ಒಪ್ಪುವವರು ಕೈ ಎತ್ತಿ ಎಂದರು. ಮೊದಲು ಎದ್ದದ್ದು ಶೆಟ್ಟರ ಕೈ. ಅಂದಿನ ಮಾತು ನೆನಪಾಗಿ ಎತ್ತಿದರೋ, ಹೋಟೆಲಿಗೆ ಹೊತ್ತಾಗುತ್ತದೆ ಎಂದು ಎತ್ತಿದರೋ, ನಾನು ಕೇಳಲಿಲ್ಲ.

ಈಗ ಬೆಳಿಗ್ಗೆ ಮೆಟ್ಟಿಲಿಳಿಯುವುದು ನನ್ನ ಚಪ್ಪಲಿ. ಮಂಡಿ ನೋಯುತ್ತದೆ. ಸರದಿಗೆ ಯಾರೂ ಬರುವುದಿಲ್ಲ. ಬಿರಾದಾರರ ಜಿಲ್ಲೆಗಳ ಮಾತು ಪತ್ರಿಕೆಯಲ್ಲಿ ಆಗಾಗ ಬರುತ್ತದೆ, ಹೋಗುತ್ತದೆ. ಅವರು ಕೇಳಿದ್ದು ಇನ್ನೂ ಸಿಕ್ಕಿಲ್ಲ. ಸಿಕ್ಕ ಮೇಲೂ ಯಾರೋ ಒಬ್ಬರು ಹೀಗೆ ಮಂಡಿ ಹಿಡಿದುಕೊಂಡು ಇಳಿಯಬೇಕಾಗುತ್ತದೆ ಎಂಬುದು ನನಗೆ ಈಗ ಗೊತ್ತಿದೆ.

ಇವತ್ತು ನಾನು ವಾಲ್ ತೆರೆಯುವುದು ತಡವಾಯಿತು. ಮೇಲಿನ ಮಾಳಿಗೆಯ ಹೊಸ ಸೊಸೆ ಬಾಗಿಲು ಬಡಿದಳು. ಒಂದು ನಿಮಿಷ ನಿಲ್ಲು ಎಂದು ಹೇಳಿ, ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು ಬಂದು ಸ್ಟೂಲಿನ ಮೇಲೆ ಕೂತೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಚೆನ್ನಾಗಿ ಬೈದಳು.

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಕಪಾಟಿನ ಮೇಲೆಲ್ಲೋ ಬೇಡ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇಡಿ.